ಮೋನಮ್ಮ ಯಾಕೆ ನಗುತ್ತಾಳೆ

ಕಾರಣವಿಲ್ಲದೆ ನಗುವವರನ್ನು ಕಂಡರೆ ನಮ್ಮ ಮನೆತನದವರಿಗೆ ಆಗುವುದಿಲ್ಲ. ಯಾರಾದರೂ ನಮ್ಮನ್ನು ನೋಡಿ ಸುಮ್ಮನೆ ನಕ್ಕರೆ ನಮ್ಮ ಕೈ ತಾನಾಗಿಯೇ ಸೊಂಟದ ಚೀಲ ಮುಟ್ಟಿ ನೋಡಿಕೊಳ್ಳುತ್ತದೆ. ಈ ಗುಣ ನಮಗೆ ಬಂದಿದ್ದು ನನ್ನ ಅಜ್ಜಿ ಭೀಮವ್ವನಿಂದ. ಬಶೀರಾಬಾದಿನ ಆಚೆ, ಕಾಗಿಣಾ ಹೊಳೆಯ ದಂಡೆಯ ಮೇಲಿರುವ ನಮ್ಮೂರಲ್ಲಿ, ನಿಜಾಮನ ಕಾಲಕ್ಕೆ ಅವಳಷ್ಟು ಅನುಮಾನದ ಹೆಂಗಸು ಮತ್ತೊಬ್ಬಳು ಇರಲಿಲ್ಲವಂತೆ. ಹಾಲು ತಂದವರ ಎದುರಿಗೇ ಬೆರಳು ಅದ್ದಿ ನೀರೆಷ್ಟು ಹಾಲೆಷ್ಟು ಎಂದು ನೋಡುವವಳು. ಅಂಥವಳ ಅಂಗಳದಲ್ಲೇ ಒಂದು ದಿನ ಅವಳ ಮೈದುನನ ಹೆಂಡತಿ ಮೋನಮ್ಮ ನಗಲು ಶುರು ಮಾಡಿದಳು. ನಾನು ಹೇಳಹೊರಟಿದ್ದು ಆ ಮೋನಮ್ಮನ ಕಥೆ.

ಅಣ್ಣ ಮಾಣಿಕಪ್ಪ ಭೀಮವ್ವನ ಗಂಡ, ತಮ್ಮ ಖಂಡೆಪ್ಪ ಮೋನಮ್ಮನ ಗಂಡ, ಅವರ ತಾಯಿ ಈರಮ್ಮ. ಕುರಿ ಸಾಕುವ ಮನೆ. ಮಳೆಗಾಲ ಕಳೆದ ಮೇಲೆ ಹಿಂಡು ಹೊಡೆದುಕೊಂಡು ಪೆದ್ದೆಮುಲ್ ಕಡೆಗೋ ಬೊಮ್ರಾಸಪೇಟ್ ಕಡೆಗೋ ಹೋಗುವುದು, ಅಲ್ಲಿನ ರೈತರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವುದು. ಬಿದ್ದ ಗೊಬ್ಬರಕ್ಕೆ ಬದಲು ರೈತ ಜೋಳ ಕೊಡುತ್ತಿದ್ದ. ಹೆಂಗಸರು ನಡೆಯುತ್ತಲೇ ಕದಿರು ತಿರುಗಿಸಿ ಕರಿ ಉಣ್ಣೆ ನೂಲುತ್ತಿದ್ದರು, ನೂತದ್ದನ್ನು ಉಂಡೆ ಸುತ್ತಿ ಬುಟ್ಟಿಗೆ ಹಾಕುತ್ತಿದ್ದರು. ಆ ಉಂಡೆಗಳಿಗೆ ಇನ್ನೊಂದು ಉಪಯೋಗವೂ ಇತ್ತು. ದಾರಿಯಲ್ಲಿ ಕಳ್ಳರ ಭಯ ಬಂದರೆ ಹೆಂಗಸರು ಮೈಮೇಲಿನ ಬೆಳ್ಳಿ ಬಂಗಾರ ಬಿಚ್ಚಿ, ಅದರ ಮೇಲೆ ನೂಲು ಸುತ್ತಿಬಿಡುತ್ತಿದ್ದರು. ನಾರುವ ಉಣ್ಣೆಯ ಉಂಡೆಗೆ ಯಾವ ಕಳ್ಳನೂ ಕೈ ಹಾಕುವುದಿಲ್ಲ.

ಈರಮ್ಮನ ಹತ್ತಿರ ಒಂದು ಬೋರಮಾಳ ಇತ್ತು. ಬಂಗಾರದ ಗುಂಡುಗಳನ್ನು ಪೋಣಿಸಿದ ಸರ. ಹಿರಿಯ ಸೊಸೆ ಎಂದು ಅದನ್ನು ಭೀಮವ್ವನ ಕೊರಳಿಗೆ ಹಾಕಿದಳು. ಅಂದಿನಿಂದ ಮೋನಮ್ಮನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಮೋನಮ್ಮ ಮೊದಲಿನಿಂದಲೂ ಸಾಧ್ವಿಯಾಗಿದ್ದಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳದು ಬೇಕು ಬೇಕು ಎನ್ನುವ ಜೀವ. ಎಮ್ಮೆ ಬೇಕು ಎಂದಳು, ಖಂಡೆಪ್ಪ ತಂದ. ಅದರ ಕೋಡು ಚೆನ್ನಾಗಿಲ್ಲ ಎಂದಳು. ಕಾಲಿಗೆ ಬೆಳ್ಳಿ ಕಡಗ ಬಂತು, ತಿಂಗಳೊಳಗೆ ಅದು ಹಗುರವಾಗಿ ಕಂಡಿತು. ಏನು ಬಂದರೂ ಮಾತು ಕೊನೆಗೆ ಬೋರಮಾಳಕ್ಕೇ ಬಂದು ನಿಲ್ಲುತ್ತಿತ್ತು.

“ನಾನೇನು ಬೀದ್ಯಾಗಿಂದ ಬಂದೀನೇನು? ನನ್ನ ಕೊರಳು ಕೊರಳಲ್ಲೇನು?” ಎಂದು ಒಲೆ ಮುಂದೆ ಕೂತು ಪಾತ್ರೆ ಕುಕ್ಕುವಳು.

ಭೀಮವ್ವ ಕೇಳಿಸಿಕೊಂಡು ಸುಮ್ಮನಿರುತ್ತಿರಲಿಲ್ಲ. ಬೋರಮಾಳವನ್ನು ಬಚ್ಚಿಡುತ್ತಿದ್ದಳು. ಇವತ್ತು ಜೋಳದ ಗಡಿಗೆಯಲ್ಲಿ, ನಾಳೆ ಒಲೆಯ ಹಿಂದಿನ ಗೂಡಿನಲ್ಲಿ, ಹಿಂಡಿನ ಜೊತೆ ಹೊರಟರೆ ನೂಲಿನ ಉಂಡೆಯಲ್ಲಿ. ಗಂಡನಿಗೂ ಹೇಳುತ್ತಿರಲಿಲ್ಲ. ಜಾಗ ಬದಲಿಸಿ ಬದಲಿಸಿ ಅವಳಿಗೇ ಎಷ್ಟೋ ಸಲ ಮರೆತುಹೋಗಿ, ಮನೆಯೆಲ್ಲ ತಡಕಾಡಿ, ಸಿಕ್ಕ ಮೇಲೂ “ಯಾರೋ ಸರಿಸ್ಯಾರ” ಎಂದು ಗೊಣಗುವಳು.

ಹೀಗಿರುವಾಗ ಮೋನಮ್ಮನ ಕುತ್ತಿಗೆಗೆ ರಾಜಹುಣ್ಣು ಎದ್ದಿತು. ಬೋರಮಾಳ ಬೇಕೆಂದು ಹಂಬಲಿಸಿದ ಅದೇ ಕುತ್ತಿಗೆಗೆ. ಊರ ಮದ್ದು ಏನೂ ಮಾಡಲಿಲ್ಲ. ಜ್ವರ ಏರಿ ಅವಳು ಕನವರಿಸತೊಡಗಿದಾಗ ಖಂಡೆಪ್ಪ ಬಂಡಿ ಕಟ್ಟಿ ತಾಂಡೂರಿಗೆ ಒಯ್ದ, ಅಲ್ಲಿಂದ ರೈಲು ಹತ್ತಿಸಿ ಮಿಶನ್ ದವಾಖಾನೆಗೆ ಸೇರಿಸಿದ. ಹುಣ್ಣು ಕೊಯ್ದರು. ಬದುಕುವುದು ಅನುಮಾನ ಎಂದಿದ್ದರಂತೆ. ಮಂಚದ ಮೇಲೆ ಬಹಳ ದಿನ ಬೋರಲು ಬಿದ್ದಿದ್ದಳು.

ಅಲ್ಲಿ ಸುಭದ್ರಮ್ಮ ಎಂಬ ಹೆಂಗಸು ದಿನಾ ಬರುತ್ತಿದ್ದಳು. ಬಿಳಿ ಸೀರೆ, ಕೈಯಲ್ಲಿ ಪುಸ್ತಕ, ನಮ್ಮ ಸೀಮೆಯ ಮಾತು. ರೋಗಿಗಳ ಹತ್ತಿರ ಕೂತು ಯೇಸುಸ್ವಾಮಿಯ ಕಥೆ ಹೇಳುವುದು, ಹಾಡುವುದು ಅವಳ ಕೆಲಸ. ಮೋನಮ್ಮನಿಗೆ ಮೊದಲು ಅವಳ ಮೇಲೆ ಪೂರ್ತಿ ಅನುಮಾನ. ಗಂಜಿ ಕುಡಿಸುತ್ತಾಳೆ, ಕೀವು ಒರೆಸುತ್ತಾಳೆ, ಏನೂ ಕೇಳುವುದಿಲ್ಲ. ಇದರಲ್ಲಿ ಏನೋ ಮಸಲತ್ತು ಇರಲೇಬೇಕು ಎಂದುಕೊಂಡಳು. ಒಂದು ದಿನ ಸುಭದ್ರಮ್ಮ, ಒಂದು ಕುರಿ ತಪ್ಪಿಸಿಕೊಂಡಾಗ ಮಿಕ್ಕ ಹಿಂಡನ್ನೆಲ್ಲ ಬಿಟ್ಟು ಅದೊಂದನ್ನೇ ಹುಡುಕುತ್ತ ಹೋದ ಕುರುಬನ ಕಥೆ ಹೇಳಿದಳು. ಮಲಗಿದ್ದ ಮೋನಮ್ಮ ತಲೆ ಎತ್ತಿದಳು.

“ಅಂವ ಎಂಥ ಕುರುಬರಿ ಅಮ್ಮ? ಹಿಂಡು ಬಿಟ್ಟು ಹೋದ್ರ ತ್ವಾಳ ಸುಮ್ನ ಕುಂದ್ರತದೇನು? ನಮ್ಮ ಮನ್ಯಾಗ ಹಂಗ ಮಾಡಿದ್ರ ನಮ್ಮ ಭಾವ ಕೋಲು ಮುರಿಯಂಗ ಹೊಡಿತಿದ್ದ.”

ಸುಭದ್ರಮ್ಮ ನಕ್ಕಳು. “ಹೌದವ್ವ, ಲೆಕ್ಕ ಇಟ್ಟು ನೋಡಿದ್ರ ದಡ್ಡತನನ. ಆದ್ರ ತಪ್ಪಿಸ್ಕೊಂಡ ಕುರಿ ನೀನೇ ಆದ್ರ?”

ಮೋನಮ್ಮ ಮುಖ ದಿಂಬಿಗೆ ಒತ್ತಿ ಅತ್ತಳು. ತನಗಾಗಿ ಯಾರೂ ಇಷ್ಟು ದಡ್ಡರಾದದ್ದಿಲ್ಲ ಎಂದು ಅವಳಿಗೆ ಅನ್ನಿಸಿತಂತೆ. ಬೇಕು ಬೇಕು ಎಂದು ಅಷ್ಟು ವರ್ಷ ಒದರಿದ್ದು ಬಂಗಾರಕ್ಕಲ್ಲ, ತಾನು ಯಾರಿಗಾದರೂ ಬೇಕು ಅನ್ನಿಸಿಕೊಳ್ಳುವುದಕ್ಕೆ ಎಂಬುದು ಆ ಮಂಚದ ಮೇಲೆ ತಿಳಿಯಿತು ಎಂದು ಆಮೇಲೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ದವಾಖಾನೆ ಬಿಡುವ ಹೊತ್ತಿಗೆ ಅವಳು ಯೇಸುವಿನವಳಾಗಿದ್ದಳು. ಕುತ್ತಿಗೆಯ ಹಿಂದೆ ಅಂಗೈಯಷ್ಟು ಕಲೆ ಉಳಿದಿತ್ತು.

ಊರಿಗೆ ಬಂದವಳು ನಗುತ್ತಿದ್ದಳು. ಬೀಸುವಾಗ ಹಾಡು, ಹಟ್ಟಿ ಗುಡಿಸುವಾಗ ಹಾಡು. ಭೀಮವ್ವ ಬೇಕೆಂದೇ ಬೋರಮಾಳ ಹಾಕಿಕೊಂಡು ಅವಳ ಮುಂದೆ ನಾಲ್ಕು ಸಲ ಸುಳಿದಳು. “ಛಲೋ ಕಾಣ್ತದ ಅಕ್ಕ ನಿನಗ” ಎಂದು ಮೋನಮ್ಮ ಮನಸಾರೆ ಹೇಳಿದಳು. ಆ ರಾತ್ರಿ ನನ್ನಜ್ಜಿಗೆ ನಿದ್ದೆ ಬರಲಿಲ್ಲ. ಬೈದಿದ್ದರೆ ಬರುತ್ತಿತ್ತು.

ಊರಿನವರೂ ಸುಮ್ಮನಿರಲಿಲ್ಲ. ಮಿಶನಿನವರು ಮದ್ದು ಹಾಕಿದ್ದಾರೆ ಎಂದರು ಕೆಲವರು. ತಿಂಗಳಿಗಿಷ್ಟು ಎಂದು ಕೊಡುತ್ತಾರಂತೆ ಎಂದರು ಇನ್ನು ಕೆಲವರು. ಯಾವುದೋ ಹೊಲದಲ್ಲಿ ಅವಳಿಗೆ ಹೂತಿಟ್ಟ ಕೊಪ್ಪರಿಗೆ ಸಿಕ್ಕಿದೆ ಎಂದು ತುಳಜಾಬಾಯಿ ಎಂಬಾಕೆ ಬಾವಿಕಟ್ಟೆಯಲ್ಲಿ ಸಾರಿದಳು. ಅವರ ವಾದವನ್ನು ತೆಗೆದುಹಾಕುವಂತಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನೆ ಹುಗ್ಗಿ ಮುಳ್ಳು ಮುಳ್ಳು? ಬೇಡ ಎನ್ನುವವನಿಗೆ ಎಲ್ಲೋ ಸಿಕ್ಕಿರಲೇಬೇಕು. ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಆ ಸಲದ ತಿರುಗಾಟ ಮುಗಿಸಿ ಹಿಂಡು ಊರಿಗೆ ಬಂದ ಮೇಲೆ, ಒಂದೇ ಮನೆಯಲ್ಲಿ ಎರಡು ದೇವರು ಬೇಡ ಎಂದು ಮಾಣಿಕಪ್ಪ ತಮ್ಮನನ್ನು ಬೇರೆ ಇಟ್ಟ. ಕುರಿ ಪಾಲಾದವು, ಪಾತ್ರೆ ಪಾಲಾದವು. ಭೀಮವ್ವ ಹೊಲದಲ್ಲಿದ್ದಾಗ ಅತ್ತೆ ಈರಮ್ಮ ನೂಲಿನ ಬುಟ್ಟಿಯನ್ನೂ ಮುಂದಿಟ್ಟುಕೊಂಡು ಉಂಡೆಗಳನ್ನು ಒಂದು ಇವಳಿಗೆ ಒಂದು ಅವಳಿಗೆ ಎಂದು ಹಂಚಿಬಿಟ್ಟಳು. ಮೋನಮ್ಮ ತನ್ನ ಪಾಲಿನ ಬುಟ್ಟಿ ಹೊತ್ತು ಅದೇ ಊರಿನ ಇನ್ನೊಂದು ಗುಡಿಸಲಿಗೆ ಹೋದಳು.

ಮುಂದಿನ ಹಬ್ಬಕ್ಕೆ ಭೀಮವ್ವ ಬೋರಮಾಳ ತೆಗೆಯಲು ಜೋಳದ ಗಡಿಗೆಗೆ ಕೈ ಹಾಕಿದಳು. ಇಲ್ಲ. ಗಡಿಗೆ ಬೋರಲು ಹಾಕಿದಳು, ಗೂಡು ನೋಡಿದಳು, ಒಲೆಯ ಸುತ್ತ ಅಗೆದಳು. ಇಲ್ಲ. ಅಂಗಳಕ್ಕೆ ಬಂದು ಎದೆ ಬಡಿದುಕೊಂಡು ಕೂಗಿದಳು.

“ಅದಕ್ಕ ನಗ್ತಿದ್ದಳು! ಈಗ ತಿಳೀತು, ಯಾಕ ನಗ್ತಾಳಂತ! ನನ್ನ ಬೋರಮಾಳ ನುಂಗ್ಯಾಳ!”

ಊರಿಗೆಲ್ಲ ಒಮ್ಮೆಗೇ ಸಮಾಧಾನವಾಯಿತು. ಆ ನಗುವಿಗೆ ಕೊನೆಗೂ ಒಂದು ಕಾರಣ ಸಿಕ್ಕಿತ್ತು.

ನಮ್ಮವರಲ್ಲಿ ಕಳವಿನ ಮಾತು ಬಂದರೆ ಕಚೇರಿಗೆ ಹೋಗುವುದಿಲ್ಲ. ಬೀರಪ್ಪನ ಗುಡಿಯ ಮುಂದೆ ಕಂಬಳಿ ಹಾಸಿ, ಅದರ ಮೇಲೆ ದೇವರ ಭಂಡಾರ ಇಡುತ್ತಾರೆ. ಭಂಡಾರ ಎಂದರೆ ಬರೀ ಅರಿಶಿನ ಪುಡಿ, ಆದರೆ ಅದನ್ನು ಕೈಯಲ್ಲಿ ಹಿಡಿದು ಸುಳ್ಳು ಹೇಳುವ ಧೈರ್ಯ ಯಾರಿಗೂ ಇಲ್ಲ. ಹಿಡಿದು ‘ನಾನು ತೆಗೆದಿಲ್ಲ’ ಎಂದರೆ ಮುಗಿಯಿತು. ಅಲ್ಲಿಗೆ ಮಾತು ನಿಂತಿತು, ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಕುಲದ ಹಿರಿಯ ಧರ್ಮಣ್ಣ ಮೋನಮ್ಮನನ್ನು ಕರೆಸಿದ.

“ಭಂಡಾರ ಹಿಡಿ ಮಗಳ. ತಗೊಂಡಿಲ್ಲ ಅಂತ ಒಂದು ಮಾತು ಹೇಳು, ಮನಿಗೆ ಹೋಗು.”

“ತಗೊಂಡಿಲ್ಲರಿ ಎಪ್ಪ. ಆದ್ರ ಭಂಡಾರ ಹಿಡಿಯಂಗಿಲ್ಲ. ನಾ ಈಗ ಯೇಸುಸ್ವಾಮಿ ಹಾದಿ ಹಿಡಿದೀನಿ. ನಮಗ ಆಣಿ ಇಲ್ಲ. ಹೌದು ಅಂದ್ರ ಹೌದು, ಇಲ್ಲ ಅಂದ್ರ ಇಲ್ಲ.”

ಗುಡಿಯ ಮುಂದೆ ಗದ್ದಲವೆದ್ದಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಇವಳದು ಎಂದರು. ಖಂಡೆಪ್ಪ ಹೆಂಡತಿಯ ತೋಳು ಹಿಡಿದು ಬೇಡಿಕೊಂಡ. “ಮೋನಿ, ಒಂದು ಚಿಟಿಕಿ ಅರಿಶಿಣ ಹಿಡದ್ರ ನಿನ್ನ ಗಂಟೇನು ಹೋಗ್ತದ? ಮಕ್ಕಳ ಮಾರಿ ನೋಡಿ ಹಿಡಿ.” ಅವಳ ಕಣ್ಣಲ್ಲಿ ನೀರು ಬಂತು, ಕೈ ಮುಂದೆ ಬರಲಿಲ್ಲ. ಧರ್ಮಣ್ಣ ಕೆಟ್ಟವನಲ್ಲ. ಆದರೆ ಭಂಡಾರ ಹಿಡಿಯಲು ಹೆದರುವವರೇ ಕಳ್ಳರು ಎಂಬುದು ಅವನು ಅಪ್ಪ ಅಜ್ಜನಿಂದ ಕಲಿತ ವಿದ್ಯೆ. ಬರುವ ಅಮಾವಾಸ್ಯೆಯೊಳಗೆ ಒಡವೆ ತರಬೇಕು, ಇಲ್ಲವಾದರೆ ಖಂಡೆಪ್ಪನ ಕುರಿ ಊರ ಹಿಂಡಿಗೆ ಸೇರುವಂತಿಲ್ಲ, ಅವನ ಮನೆಗೆ ಯಾರೂ ಬೆಂಕಿ ನೀರು ಕೊಡುವಂತಿಲ್ಲ ಎಂದು ಹೇಳಿ ಎದ್ದುಹೋದ.

ಒಡವೆ ಸಿಕ್ಕಿದ್ದು ಅಮಾವಾಸ್ಯೆಗೆ ಮೊದಲೇ. ಮೋನಮ್ಮ ಕಂಬಳಿಗೆಂದು ತನ್ನ ಪಾಲಿನ ನೂಲು ಬಿಚ್ಚುತ್ತ ಕೂತಿದ್ದಳು. ಒಂದು ಉಂಡೆ ಕರಗುತ್ತ ಕರಗುತ್ತ, ಒಳಗಿಂದ ಬಂಗಾರದ ಗುಂಡು ಇಣುಕಿತು. ಎಳೆದಂತೆಲ್ಲ ಒಂದೊಂದೇ ಗುಂಡು ಹೊರಗೆ ಬಂದು, ಬೋರಮಾಳ ಅವಳ ಮಡಿಲಿಗೆ ಬಿತ್ತು. ಭೀಮವ್ವ ಯಾವಾಗಲೋ ಸುತ್ತಿ ಮರೆತದ್ದು, ಈರಮ್ಮ ಕಾಣದೆ ಹಂಚಿದ್ದು. ಪಕ್ಕದಲ್ಲಿದ್ದ ಖಂಡೆಪ್ಪ ಎದ್ದು ಬಾಗಿಲು ಮುಂದೆ ಮಾಡಿದ.

“ಬಾವ್ಯಾಗ ಹಾಕಿ ಬರ್ತೀನಿ, ಕೊಡು ಇಲ್ಲಿ.”

“ಬಾವಿದೇನು ಅದ? ಅಕ್ಕಂದು ಅದ ಇದು.”

“ಹುಚ್ಚಿ! ನೂಲಿನಾಗ ಸಿಕ್ತು ಅಂದ್ರ ಯಾರು ನಂಬ್ತಾರ? ಭಂಡಾರ ಮುಟ್ಟಾಕ ಒಲ್ಲೆ ಅಂದಾಕಿ ಈಗ ಒಡವಿ ತಂದಾಳ ಅಂದ್ರ, ಕಳ್ಳಿ ಅಂತ ನೀನೇ ಠಸ್ಸಿ ಹೊಡಕೊಂಡಂಗ.”

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಖಂಡೆಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ ಹೆಂಡತಿಯ ಮೇಲಿನ ಕನಿಕರಕ್ಕೋ ಏನೋ ಮೆಲ್ಲಗೆ ಅಂದ, “ಇಷ್ಟು ವರ್ಷ ಇದಕ್ಕ ಸತ್ತಿ. ಒಮ್ಮೆ ಕೊರಳಾಗ ಹಾಕ್ಕೊಂಡರ ನೋಡು. ಯಾರೂ ಇಲ್ಲ.”

ಮೋನಮ್ಮ ಬೋರಮಾಳವನ್ನು ಅಂಗೈಯಲ್ಲಿ ತೂಗಿ ನೋಡಿದಳು. ನಗು ಬಂತು ಅವಳಿಗೆ. “ಇಷ್ಟ ಅದ ನೋಡು ಇದು. ಒಂದು ಮುಷ್ಟಿ ತುಂಬಲ್ಲ. ಇದಕ್ಕ ಎಷ್ಟು ಒದರಾಡಿದೆ ನಾ! ನನಗೀಗ ಸಿಕ್ಕಿದ್ದು ಯಾರೂ ಕಸ್ಕೊಳ್ಳಾಕ ಬರಲ್ಲ, ಎಲ್ಲೂ ಬಚ್ಚಿಡಾದೂ ಬ್ಯಾಡ.” ಎದ್ದು ಸೆರಗು ಹೊದ್ದು, ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುವಂತೆ ನಡು ಬೀದಿಯಲ್ಲಿ ನಡೆದು ಭೀಮವ್ವನ ಅಂಗಳಕ್ಕೆ ಹೋದಳು.

ಖಂಡೆಪ್ಪ ಹೇಳಿದಂತೆಯೇ ಆಯಿತು. ಒಬ್ಬರೂ ನಂಬಲಿಲ್ಲ. “ನಾ ನೂಲಿನಾಗ ಇಡೂದು ನೋಡಿ ಕಲ್ತಾಳ, ನನ್ನ ಕತಿ ನನಗ ಹೇಳ್ತಾಳ” ಎಂದು ನನ್ನಜ್ಜಿ ಕಿರುಚಿದಳು. ಬೋರಮಾಳವನ್ನು ಅಲ್ಲೇ ನೆಲದ ಮೇಲಿಟ್ಟುಕೊಂಡು ಗುಂಡುಗಳನ್ನು ಎಣಿಸಿದಳು. ಒಂದೂ ಕಡಿಮೆ ಇರಲಿಲ್ಲ. ಅದಕ್ಕೂ ಅನುಮಾನಪಟ್ಟಳು. ಒಡವೆ ಬಂದರೂ ಭಂಡಾರ ಹಿಡಿಯದವಳು ಕಳ್ಳಿಯೇ ಎಂದು ಧರ್ಮಣ್ಣ ಆ ಶಿಕ್ಷೆಯನ್ನು ಹಾಗೇ ಉಳಿಸಿದ. ಖಂಡೆಪ್ಪ ಮೋನಮ್ಮ ಊರು ಬಿಟ್ಟು ಹೊಳೆಯ ಕಡೆ ಜೋಪಡಿ ಹಾಕಿಕೊಂಡರು. ಅವರ ಕುರಿ ಒಂಟಿಯಾಗಿ ಮೇಯುತ್ತಿದ್ದವು. ಊರ ಬಾಯಲ್ಲಿ ಅವಳ ಹೆಸರು ‘ಕಳ್ಳ ಮೋನಿ’ ಎಂದಾಯಿತು.

ಅವಳಿಗೆ ನೋವಾಗಲಿಲ್ಲ ಎಂದರೆ ಸುಳ್ಳು. ಬಾವಿಯ ಹತ್ತಿರ ಹೆಂಗಸರು ಕೊಡ ಸರಿಸಿಕೊಂಡ ದಿನ ಅವಳು ದಾರಿಯುದ್ದಕ್ಕೂ ಅತ್ತಳು. ಮಗಳಿಗೆ ಬಂದ ಸಂಬಂಧ ಮುರಿದುಹೋದಾಗ ಎರಡು ದಿನ ಉಣ್ಣಲಿಲ್ಲ. ಆದರೆ ಸಂಜೆ ಬೀಸುಕಲ್ಲು ತಿರುಗತೊಡಗಿದರೆ ಹಾಡು ಬರುತ್ತಿತ್ತು. ಹಾಡು ಗಾಳಿಗೆ ಊರೊಳಗೂ ಕೇಳುತ್ತಿತ್ತು. ಭೀಮವ್ವ ಕಿವಿ ಕೊಟ್ಟು ಕೂರುತ್ತಿದ್ದಳು. ಒಡವೆ ಹೋಯಿತು, ಮಾನ ಹೋಯಿತು, ಇನ್ನೂ ಏನು ಬಚ್ಚಿಟ್ಟುಕೊಂಡಿದ್ದಾಳೆ ಇವಳು? ಕುರಿ ಕಾಯುವ ನೆವದಲ್ಲಿ ಹೊಳೆ ದಂಡೆಗೆ ಹೋಗಿ ಜೋಪಡಿಯನ್ನು ಬೇಲಿ ಸಂದಿಯಿಂದ ನೋಡಿ ಬರುವಳು. ಅಲ್ಲಿ ಒಂದು ಒಲೆ, ಎರಡು ಪಾತ್ರೆ, ನೂಲಿನ ಬುಟ್ಟಿ. ಗೋಡೆಯ ಮೇಲೆ ಎರಡು ಕಡ್ಡಿ ಕಟ್ಟಿದ ಶಿಲುಬೆ. ನೋಡಿದಷ್ಟೂ ಭೀಮವ್ವನ ಹೊಟ್ಟೆ ಉರಿಯಿತು. ಬೋರಮಾಳ ತನ್ನ ಕೊರಳಲ್ಲಿತ್ತು, ನಿದ್ದೆ ಮಾತ್ರ ಆ ಜೋಪಡಿಯಲ್ಲಿತ್ತು.

ವರ್ಷಗಳು ಕಳೆದವು. ನಿಜಾಮನ ರಾಜ್ಯದ ಕೊನೆಯ ವರ್ಷ ಬಂತು. ಆ ಕಾಲದ ಗದ್ದಲ ಈ ಕಡೆಯ ಹಳಬರಿಗೆಲ್ಲ ಗೊತ್ತು. ಯಾವ ಊರಿಗೆ ಯಾರು ನುಗ್ಗುತ್ತಾರೆ, ಯಾರು ದೋಚುತ್ತಾರೆ ತಿಳಿಯುತ್ತಿರಲಿಲ್ಲ. ಮಾಣಿಕಪ್ಪ ಹಿಂಡು ಹೊಡೆದುಕೊಂಡು ದೂರ ಹೋಗಿಬಿಡೋಣ ಎಂದ. ಈರಮ್ಮ ಹಾಸಿಗೆ ಹಿಡಿದಿದ್ದಳು, ನಡೆಯಲಾರಳು. ಅವಳನ್ನು ನಾನು ನೋಡಿಕೊಳ್ಳುತ್ತೇನೆ, ನಾವು ಎಲ್ಲೂ ಹೋಗುವುದಿಲ್ಲ ಎಂದು ಮೋನಮ್ಮ ಹೇಳಿ ಕಳಿಸಿದಳು.

ಭೀಮವ್ವನಿಗೆ ಬೋರಮಾಳದ ಚಿಂತೆ. ಮೈಮೇಲೆ ಹಾಕಿಕೊಂಡರೆ ದಾರಿಯಲ್ಲಿ ಕಿತ್ತುಕೊಳ್ಳುತ್ತಾರೆ. ನೂಲಿನ ಉಂಡೆಯ ಗುಟ್ಟು ಮೋನಮ್ಮ ಬೋರಮಾಳ ತಂದುಕೊಟ್ಟ ದಿನವೇ ಊರೂರಿಗೆ ಹಬ್ಬಿತ್ತು, ಈಗ ಕುರಿಗಾರರ ಹೆಂಗಸರ ಬುಟ್ಟಿಯನ್ನೇ ಮೊದಲು ಬಿಚ್ಚುತ್ತಿದ್ದರಂತೆ. ಯಾರ ಹತ್ತಿರ ಇಡುವುದು? ಅಣ್ಣಂದಿರ ಹೆಸರು ಬಂತು, ಬೇಡ ಎನಿಸಿತು. ತಂಗಿಯ ಹೆಸರು ಬಂತು, ಅವಳ ಗಂಡ ನೆನಪಾದ. ಧರ್ಮಣ್ಣನ ಮೇಲೂ ನಂಬಿಕೆ ಬರಲಿಲ್ಲ. ಜೀವಮಾನವಿಡೀ ಅನುಮಾನಿಸಿದ ಹೆಂಗಸಿಗೆ ಕೊನೆಗೆ ಉಳಿದದ್ದು ಒಂದೇ ಬಾಗಿಲು. ತಾನೇ ಕಳ್ಳಿ ಎಂದು ಕೂಗಿದವಳ ಜೋಪಡಿಗೆ ಹೋಗಿ ನಿಂತಳು.

ಮೋನಮ್ಮ ಏನೂ ಕೇಳಲಿಲ್ಲ. “ನಿನ್ನ ಕೈಲೇ ಸುತ್ತು ಅಕ್ಕ” ಎಂದು ನೂಲು ಮುಂದಿಟ್ಟಳು. ಭೀಮವ್ವ ಬೋರಮಾಳವನ್ನು ಮಡಿಚಿ, ಅದರ ಮೇಲೆ ನೂಲು ಸುತ್ತತೊಡಗಿದಳು. ಸುತ್ತುತ್ತ ಸುತ್ತುತ್ತ ಅವಳ ಕೈ ನಿಂತಿತು. ಪೆದ್ದೆಮುಲ್ ಕಡೆಯ ಒಂದು ಹೊಲ ನೆನಪಾಯಿತು. ಕಳ್ಳರ ಸುದ್ದಿ ಬಂದ ಸಂಜೆ, ಹೀಗೇ ಅವಸರದಲ್ಲಿ, ಹೀಗೇ ಸುತ್ತಿದ್ದು. ಊರಿಗೆ ಬಂದ ಮೇಲೆ ಅದನ್ನು ಬಿಚ್ಚಿ ಗಡಿಗೆಗೆ ಹಾಕಿದ ನೆನಪು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಉಳಿದ ಎಳೆಯನ್ನು ಅವಸರದಲ್ಲಿ ಸುತ್ತಿ ಮುಗಿಸಿ, ಉಂಡೆಯನ್ನು ಮೋನಮ್ಮನ ಮಡಿಲಿಗೆ ಹಾಕಿ ಹೊರಟುಹೋದಳು.

ಗದ್ದಲ ಮುಗಿದು ಅವರು ತಿರುಗಿ ಬಂದಾಗ ಜೋಪಡಿ ಖಾಲಿಯಾಗಿತ್ತು. ದೋಚುವವರು ಬಂದು ಹೋಗಿದ್ದರು. ಜೋಳ ಇಲ್ಲ, ಪಾತ್ರೆ ಇಲ್ಲ, ಎಮ್ಮೆ ಇಲ್ಲ. ನೂಲಿನ ಬುಟ್ಟಿಯನ್ನೂ ಬಿಟ್ಟಿರಲಿಲ್ಲ. ಮೂಲೆಯಲ್ಲಿ ಈರಮ್ಮ ಬೆಚ್ಚಗೆ ಕಂಬಳಿ ಹೊದ್ದು ಮಲಗಿದ್ದಳು. ಭೀಮವ್ವನ ಹಳೆಯ ಗುಣ ಹೆಡೆ ಎತ್ತಿತು. ಎಲ್ಲ ಹೋಗಿದೆ, ಇನ್ನು ಬೋರಮಾಳವೂ ಹೋಯಿತು ಎನ್ನುತ್ತಾಳೆ. ಒಂದು ವೇಳೆ ಹಾಗೆಂದರೆ ಇವಳನ್ನು ನಂಬುವುದೋ ಬಿಡುವುದೋ?

ಮೋನಮ್ಮ ಕದಿರು ಹಿಡಿದು ಕೂತಿದ್ದಳು. ಕದಿರಿನ ಕೆಳಗೆ, ಅವಳ ಮಡಿಲಲ್ಲಿ, ಆ ಉಂಡೆ ಇತ್ತು. ಬಂದವರು ಮನೆ ಜಾಲಾಡುವಾಗಲೂ ಅವಳು ಅದರ ಮೇಲೆ ನೂಲು ಸುತ್ತುತ್ತಲೇ ಕೂತಿದ್ದಳಂತೆ. ಅದು ಮೊದಲಿಗಿಂತ ದಪ್ಪಗಾಗಿತ್ತು.

“ತಗೋ ಅಕ್ಕ. ಬಿಚ್ಚಿ ನೋಡ್ಕೋ. ಇಲ್ಲೇ ನೋಡ್ಕೊಂಡ್ರ ಇಬ್ಬರಿಗೂ ಛಲೋ.”

ಭೀಮವ್ವ ಉಂಡೆ ತೆಗೆದುಕೊಂಡಳು. ಬಿಚ್ಚಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು, ನೆಲಕ್ಕೆ ಕೂತು, ಮೋನಮ್ಮನ ಕುತ್ತಿಗೆಯ ಕಲೆಯ ಮೇಲೆ ಕೈಯಿಟ್ಟು ಅತ್ತಳು. “ಹೋದ ಸಲನೂ ನಾನೇ ಸುತ್ತಿದ್ದೆ ತಂಗಿ. ನಾನೇ ಸುತ್ತಿ ಮರೆತಿದ್ದೆ.”

ಮರುದಿನ ಬೀರಪ್ಪನ ಗುಡಿಯ ಮುಂದೆ, ಯಾರೂ ಕರೆಯದೆ, ಅವಳೇ ಭಂಡಾರ ಹಿಡಿದು ಆ ಮಾತನ್ನು ಧರ್ಮಣ್ಣನಿಗೆ ಹೇಳಿದಳು. ಖಂಡೆಪ್ಪನ ಕುರಿ ಮತ್ತೆ ಹಿಂಡಿಗೆ ಸೇರಿದವು. ಮೋನಮ್ಮ ಮಾತ್ರ ಹೊಳೆ ದಂಡೆಯಲ್ಲೇ ಉಳಿದಳು. ಬೀಸುವ ಹೊತ್ತಿಗೆ ಭೀಮವ್ವ ಅಲ್ಲಿಗೆ ಹೋಗಿ ಕಲ್ಲಿನ ಇನ್ನೊಂದು ಗೂಟ ಹಿಡಿಯುತ್ತಿದ್ದಳು. “ಅಕಿ ಏನು ಹಾಡ್ತಾಳೋ, ಒಂದು ಕಣ್ಣಿಡೂದು ಛಲೋ” ಎಂದು ಮನೆಯವರಿಗೆ ನೆವ ಹೇಳುವಳು. ಯೇಸುವಿನ ಮೇಲೆ ಅವಳ ಅನುಮಾನ ಪೂರ್ತಿ ಹೋಯಿತೋ ಇಲ್ಲವೋ ನನಗೆ ತಿಳಿಯದು. ಮೋನಮ್ಮನ ಮೇಲಿನದು ಹೋಗಿತ್ತು.

ಆ ಉಂಡೆಯನ್ನು ಅವಳು ಮನೆಯಲ್ಲೂ ಬಿಚ್ಚಲಿಲ್ಲ. ಮಗಳ ಮದುವೆಗೆ ಬಿಚ್ಚಲಿಲ್ಲ, ಮೊಮ್ಮಕ್ಕಳ ಹಬ್ಬಕ್ಕೂ ಬಿಚ್ಚಲಿಲ್ಲ. ಬೇವಿನ ಎಲೆ ಹಾಕಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದಳು. “ಬಿಚ್ಚಿದ್ರ ಮತ್ತ ಶಕ್ ಮಾಡಿದಂಗ ಆಗ್ತದ” ಎನ್ನುತ್ತಿದ್ದಳು. ಸಾಯುವ ಮುಂಚೆ ನನ್ನ ಕೈಗೆ ಕೊಟ್ಟಳು. ಈಗ ನನ್ನ ಹತ್ತಿರವಿದೆ. ಒಳಗೆ ಬಂಗಾರ ಇದೆಯೋ, ಬರೀ ನೂಲೋ, ನಾನೂ ನೋಡಿಲ್ಲ. ಅಜ್ಜಿಯ ರಕ್ತ, ಬೆರಳು ತುರಿಸುತ್ತದೆ. ಎಷ್ಟೋ ಸಲ ಎಳೆಯ ತುದಿ ಹುಡುಕಿ ಹಿಡಿದಿದ್ದೇನೆ. ಹಿಡಿದು, ಮತ್ತೆ ಪೆಟ್ಟಿಗೆಗೇ ಇಟ್ಟಿದ್ದೇನೆ.